ಚಾಲ್ತಿ ದತ್ತಸಂಚಯದ ಬ್ಯಾಕಪ್ ಮತ್ತು ಕಡತಗಾತ್ರ ನಿರ್ವಹಣೆ

ಬಳಕೆದಾರರ ಕೆಲಸವನ್ನು ನಿಲ್ಲಿಸದೆಯೇ ದತ್ತಸಂಚಯದ ಮೀಸಲು ಪ್ರತಿಯನ್ನು ತೆಗೆಯುವುದು, ಅದರ ಕಡತಗಳನ್ನು ಅಗತ್ಯಕ್ಕೆ ತಕ್ಕಂತೆ ಹಿಗ್ಗಿಸುವುದು ಅಥವಾ ಕುಗ್ಗಿಸುವುದು ಗಣಕ ಆಡಳಿತದ ಮುಖ್ಯ ಕಾರ್ಯಗಳಾಗಿವೆ. ಬ್ಯಾಂಕು, ರೈಲ್ವೆ, ಭೂದಾಖಲೆ ಮೊದಲಾದ ವ್ಯವಸ್ಥೆಗಳಲ್ಲಿ ವಹಿವಾಟು ನಿಲ್ಲಿಸಿ ಪ್ರತಿ ತೆಗೆಯಲು ಅವಕಾಶ ಕಡಿಮೆ. ಈ ಲೇಖನದ ತಾಂತ್ರಿಕ ವಿವರಗಳು ಎಸ್‌ಕ್ಯೂಎಲ್ ಸರ್ವರ್ ತಂತ್ರಾಂಶದ ಪದ್ಧತಿಯನ್ನು ಅನುಸರಿಸುತ್ತವೆ.

ಭೂದಾಖಲೆಯ ಉದಾಹರಣೆ

ಕರ್ನಾಟಕದ ಕಂದಾಯ ಇಲಾಖೆಯ 'ಭೂಮಿ' ಯೋಜನೆಯು ಸುಮಾರು 67 ಲಕ್ಷ ಹಿಡುವಳಿದಾರರ ಸುಮಾರು 2 ಕೋಟಿ ಪಹಣಿಗಳನ್ನು ಗಣಕೀಕರಿಸಿತು. ಮೊದಲು ಆಯಾ ತಾಲ್ಲೂಕು ಕಚೇರಿಯಲ್ಲಿಯೇ ಇದ್ದ ದತ್ತಸಂಚಯಗಳನ್ನು ಅನಂತರ ಬೆಂಗಳೂರಿನ ರಾಜ್ಯ ದತ್ತಾಂಶ ಕೇಂದ್ರಕ್ಕೆ ತರಲಾಯಿತು. ಕೈಬರಹದ ಪಹಣಿಗೆ ಮಾನ್ಯತೆ ಹೋದ ಮೇಲೆ ಗಣಕದಲ್ಲಿರುವುದೇ ಅಧಿಕೃತ ದಾಖಲೆ. ದೇವನಹಳ್ಳಿ, ದೊಡ್ಡಬಳ್ಳಾಪುರ, ಹೊಸಕೋಟೆ, ನೆಲಮಂಗಲ ತಾಲ್ಲೂಕುಗಳಂತೆ ಜಮೀನಿನ ಕ್ರಯ-ವಿಕ್ರಯ ಬಿರುಸಾಗಿರುವ ಕಡೆ ಒಂದೇ ಮಧ್ಯಾಹ್ನದ ಮ್ಯುಟೇಷನ್‌ಗಳು ಅಳಿಸಿಹೋದರೂ, ಹೊಲ ಕೊಂಡವನ ಹೆಸರಿನ ಜಾಗದಲ್ಲಿ ಮಾರಿದವನ ಹೆಸರೇ ಮರಳಿ ಕಾಣಿಸೀತು. ತೀರಿಸಿದ ಸಾಲದ ನಮೂದು ಮತ್ತೆ ಪಹಣಿಯಲ್ಲಿ ಕುಳಿತೀತು.

ಬ್ಯಾಕಪ್ ವಿಧಾನ

ದತ್ತಸಂಚಯಕ್ಕೆ ಕನಿಷ್ಠ ಎರಡು ಕಡತಗಳಿರುತ್ತವೆ: ದತ್ತಾಂಶ ಕಡತ ಮತ್ತು ಲಾಗ್ ಕಡತ. ಹಳೆಯ ಮಂಡಿಗಳ ಲೆಕ್ಕ ಬಲ್ಲವರಿಗೆ ಇದು ಹೊಸದಲ್ಲ. ಪ್ರತಿ ವ್ಯವಹಾರವನ್ನು ನಡೆದ ಕ್ರಮದಲ್ಲಿಯೇ ಬರೆದಿಡುವ ಕಿರ್ದಿಯಂತೆ ಲಾಗ್. ವಿಂಗಡಿಸಿ ಏರಿಸಿದ ಖಾತೆ ಪುಸ್ತಕದಂತೆ ದತ್ತಾಂಶ ಕಡತ. ಬದಲಾವಣೆ ಮೊದಲು ಲಾಗ್‌ನಲ್ಲಿ ದಾಖಲಾಗಿ, ಬಳಿಕ ದತ್ತಾಂಶ ಕಡತವನ್ನು ಸೇರುತ್ತದೆ. ಆದ್ದರಿಂದ ಚಾಲ್ತಿಯಲ್ಲಿರುವ ಕಡತವನ್ನು ಸಾಮಾನ್ಯ ಕಡತದಂತೆ ನಕಲು ಮಾಡುವುದು ನಂಬತಕ್ಕ ವಿಧಾನವಲ್ಲ. ತಂತ್ರಾಂಶದ್ದೇ ಆದ ಬ್ಯಾಕಪ್ ಆದೇಶವು ಪುಟಗಳ ಜೊತೆಗೆ, ಆ ಅವಧಿಯಲ್ಲಿ ನಡೆದ ಬದಲಾವಣೆಗಳ ಲಾಗನ್ನೂ ಸೇರಿಸಿಕೊಂಡು ಪ್ರತಿಯನ್ನು ಸುಸಂಗತವಾಗಿಸುತ್ತದೆ.

ಬ್ಯಾಕಪ್‌ಗಳು ಪೂರ್ಣ, ವ್ಯತ್ಯಾಸಾತ್ಮಕ ಮತ್ತು ಲಾಗ್ ಎಂದು ಮೂರು ಬಗೆ. ರಾತ್ರಿ ಪೂರ್ಣ ಪ್ರತಿ, ಹಗಲು ಅರ್ಧ ಗಂಟೆಗೊಮ್ಮೆ ಲಾಗ್ ಪ್ರತಿ ತೆಗೆಯುವ ಕಚೇರಿಯಲ್ಲಿ ಸಂಜೆ 4ಕ್ಕೆ ಡಿಸ್ಕ್ ಕೆಟ್ಟರೆ ಹೆಚ್ಚೆಂದರೆ ಅರ್ಧ ಗಂಟೆಯ ಕೆಲಸ ನಷ್ಟ. ಲಾಗ್ ಬೇರೆ ಡಿಸ್ಕಿನಲ್ಲಿದ್ದು ಸುರಕ್ಷಿತವಾಗಿದ್ದರೆ ಅದನ್ನೂ ಉಳಿಸಿಕೊಳ್ಳಬಹುದು. ರಾತ್ರಿಯ ಪ್ರತಿಯೊಂದನ್ನೇ ನೆಚ್ಚಿದ್ದರೆ ಇಡೀ ದಿನವೇ ಹೋದಂತೆ.

ಮರುಸ್ಥಾಪಿಸಿ ನೋಡದ ಪ್ರತಿಯನ್ನು ಪ್ರತಿ ಎನ್ನಲಾಗದು. 2017ರ ಜನವರಿ 31ರಂದು ಗಿಟ್‌ಲ್ಯಾಬ್ ಸಂಸ್ಥೆಯಲ್ಲಿ ಮುಖ್ಯ ದತ್ತಸಂಚಯದ ಕಡತಗಳು ತಪ್ಪಿನಿಂದ ಅಳಿಸಲ್ಪಟ್ಟಾಗ, ನಿತ್ಯದ ಬ್ಯಾಕಪ್ ಬಹಳ ಹಿಂದೆಯೇ ವಿಫಲವಾಗುತ್ತಿದ್ದುದು ಬೆಳಕಿಗೆ ಬಂತು. ಬೇರೊಂದು ಕೆಲಸಕ್ಕೆಂದು ಸುಮಾರು 6 ಗಂಟೆ ಮೊದಲು ತೆಗೆದಿದ್ದ ಪ್ರತಿಯೊಂದು ಸಿಕ್ಕಿದ್ದು ಅದೃಷ್ಟ.

ಕಡತಗಾತ್ರ

ಪೂರ್ಣ ಮರುಪ್ರಾಪ್ತಿ ಮಾದರಿಯಲ್ಲಿ ಲಾಗ್ ಬ್ಯಾಕಪ್ ಆಗುವವರೆಗೂ ಲಾಗ್ ಕಡತದೊಳಗಿನ ಜಾಗ ಮರುಬಳಕೆಗೆ ಸಿಗದು. ಪೂರ್ಣ ಬ್ಯಾಕಪ್ ಅದನ್ನು ತೆರವುಗೊಳಿಸುವುದಿಲ್ಲ. ಈ ಸಂಗತಿ ತಿಳಿಯದೆ ಡಿಸ್ಕ್ ತುಂಬಿ, 9002ನೆಯ ದೋಷ ಕಾಣಿಸಿ, ಕೌಂಟರಿನ ಕೆಲಸ ನಿಂತುಹೋಗುವುದು ಸಾಮಾನ್ಯ. ಮುಗಿಯದೆ ಉಳಿದ ದೀರ್ಘ ವ್ಯವಹಾರವೂ ಕಾರಣವಿರಬಹುದು. ಕಾರಣ ಹುಡುಕದೆ ಕಡತವನ್ನು ಕುಗ್ಗಿಸಿದರೆ ಅದು ಪುನಃ ಬೆಳೆಯುತ್ತದೆ. ಲಾಗ್ ಕಡತವನ್ನು ಅಳಿಸುವುದಂತೂ ಸರ್ವಥಾ ಕೂಡದು.

ದತ್ತಾಂಶ ಕಡತವನ್ನು ಕುಗ್ಗಿಸುವಾಗ ಕೊನೆಯ ಪುಟಗಳು ಮುಂದಿನ ಖಾಲಿ ಜಾಗಕ್ಕೆ ಸ್ಥಳಾಂತರಗೊಂಡು ಸೂಚಿಗಳು ಚದುರುತ್ತವೆ, ಹುಡುಕಾಟ ನಿಧಾನವಾಗಬಹುದು. ಹಳೆಯ ದತ್ತಾಂಶವನ್ನು ದೊಡ್ಡ ಪ್ರಮಾಣದಲ್ಲಿ ಬೇರೆಡೆಗೆ ಸಾಗಿಸಿದಂಥ ಅಪರೂಪದ ಸಂದರ್ಭಗಳಿಗೆ ಮಾತ್ರ ಇದು ತಕ್ಕದ್ದು. ಹಿಗ್ಗಿಸುವಿಕೆಯನ್ನು ಶೇಕಡಾವಾರು ಬಿಡದೆ ನಿಗದಿತ ಮೆಗಾಬೈಟ್‌ಗಳಲ್ಲಿ ಗೊತ್ತುಪಡಿಸುವುದು ಲೇಸು: 100 ಗಿಗಾಬೈಟ್ ಕಡತದ ಶೇ. 10 ಎಂದರೆ ಒಮ್ಮೆಗೇ 10 ಗಿಗಾಬೈಟ್. ಅದು ಲಾಗ್ ಕಡತವಾದರೆ ಆ ಜಾಗ ಸಿದ್ಧವಾಗುವವರೆಗೆ ಬರವಣಿಗೆಗಳು ಕಾಯಬೇಕಾಗುತ್ತದೆ.