ಸವತೆಕಾಯಿಯ ಪಚಡಿ ಮತ್ತು ಪ್ರಾಸುಕದ ನಿಯಮ

ಕನ್ನಡದ ಪಾಕಗ್ರಂಥಗಳಿಗೆ ಒಲೆಯ ಮೇಲೆ ಒಲವು ಹೆಚ್ಚು. 1025ರ ಸುಮಾರಿನ ಚಾವುಂಡರಾಯನ 'ಲೋಕೋಪಕಾರ'ದಲ್ಲಿ ಅಡುಗೆಗೆ ಒಂದು ಪ್ರತ್ಯೇಕ ಭಾಗವಿದೆ. 16ನೆಯ ಶತಮಾನದ ಆರಂಭದಲ್ಲಿ ಕಲ್ಲಹಳ್ಳಿಯ ಮೂರನೆಯ ಮಂಗರಸ 'ಸೂಪಶಾಸ್ತ್ರ'ವನ್ನು ವಾರ್ಧಕ ಷಟ್ಪದಿಯಲ್ಲಿ ರಚಿಸಿದ. ಬೇಯಿಸುವ, ಹುರಿಯುವ, ಕರಿಯುವ ಕ್ರಮಗಳೇ ಇಂಥ ಕೃತಿಗಳ ಮುಖ್ಯ ಆಸಕ್ತಿ. ಸವತೆಕಾಯಿಯನ್ನು ಕೊಚ್ಚಿ, ಉಪ್ಪು ಹುಳಿ ಬೆರೆಸಿ, ಎಡೆಯ ಅಂಚಿಗೆ ಬಡಿಸುವ ನಂಚಿಕೆಗೆ ಷಟ್ಪದಿಯ ಅಗತ್ಯ ಬೀಳಲಿಲ್ಲ. ತಾಯಿಯ ಕೈಯಿಂದ ಮಗಳ ಕೈಗೆ, ಅತ್ತೆಯ ಕೈಯಿಂದ ಸೊಸೆಯ ಕೈಗೆ ಅದು ದಾಟಿ ಬಂದಿದೆ. ಆದ್ದರಿಂದ ಅದರ ಚರಿತ್ರೆಯನ್ನು ಪಾಕಗ್ರಂಥಗಳಿಗಿಂತ ಹೆಚ್ಚಾಗಿ ದಾನಶಾಸನಗಳಲ್ಲಿ, ಶ್ರಾವಕಾಚಾರಗಳಲ್ಲಿ, ಪದಾರ್ಥಗಳ ಹೆಸರುಗಳಲ್ಲಿ ಹುಡುಕಬೇಕಾಗುತ್ತದೆ.

ಹುಡುಕಾಟಕ್ಕೆ ಖಾನಾಪುರ ತಾಲೂಕಿನ ಹಲಸಿಗಿಂತ ಒಳ್ಳೆಯ ಆರಂಭಸ್ಥಾನವಿಲ್ಲ. ಪ್ರಾಚೀನ ಪಲಾಶಿಕೆಯಾದ ಈ ಊರಿನಲ್ಲಿ ದೊರೆತ, ಫ್ಲೀಟ್ ಪ್ರಕಟಿಸಿದ ಕದಂಬರ ತಾಮ್ರಪಟಗಳು ಕರ್ನಾಟಕದ ಜೈನ ಇತಿಹಾಸದ ಆದಿಮ ದಾಖಲೆಗಳಲ್ಲಿ ಸೇರಿವೆ. ಅವುಗಳಲ್ಲಿ ರವಿವರ್ಮನ ಕಾಲದ ಒಂದು ಶಾಸನ ಎರಡು ವಿಷಯಗಳನ್ನು ವಿಧಿಸುತ್ತದೆ: ದತ್ತಿಗ್ರಾಮದ ಆದಾಯದಿಂದ ಪ್ರತಿವರ್ಷ ಕಾರ್ತಿಕದಲ್ಲಿ ಜಿನೇಂದ್ರನ ಎಂಟು ದಿನಗಳ ಮಹಿಮೆ ನಡೆಯಬೇಕು, ಮಳೆಗಾಲದ 4 ತಿಂಗಳು ಯಾಪನೀಯ ತಪಸ್ವಿಗಳಿಗೆ ಆಹಾರ ದೊರೆಯಬೇಕು. ರಾಜಕೀಯ ಇತಿಹಾಸಕಾರರು ಸಾಮಾನ್ಯವಾಗಿ ವಂಶಾವಳಿಯತ್ತ ಸರಿದು ಈ ಎರಡನೆಯ ವಿಧಿಯನ್ನು ದಾಟಿಬಿಡುತ್ತಾರೆ. ಅಡುಗೆಮನೆಯ ಇತಿಹಾಸಕ್ಕಾದರೋ ಅದೇ ಮುಖ್ಯ. ಮಲಪ್ರಭೆ ಹುಟ್ಟುವ ಕಣಕುಂಬಿಯೂ ಇದೇ ತಾಲೂಕಿನದು. ಮಳೆ ಹಿಡಿದರೆ ಬಿಡದ ಸೀಮೆ. ಅಂಥ 4 ತಿಂಗಳಲ್ಲಿ ವ್ರತಿಗಳ ಎಡೆಗೆ ಏನನ್ನು ಬಡಿಸಬಹುದಾಗಿತ್ತು?

ಶಾಸನ ಪದಾರ್ಥಗಳನ್ನು ಹೆಸರಿಸುವುದಿಲ್ಲ. ಆಚಾರದ ನಿಯಮಗಳು ಆಯ್ಕೆಯನ್ನು ಕಿರಿದುಗೊಳಿಸುತ್ತವೆ. ಕಂದಮೂಲಗಳು ಅನಂತಕಾಯವೆಂದು ಎಂದಿಗೂ ವರ್ಜ್ಯ. ಮಳೆಗಾಲದ ಸೊಪ್ಪಿನಲ್ಲಿ ಸೂಕ್ಷ್ಮಜೀವಿಗಳ ಶಂಕೆಯಿರುವುದರಿಂದ ಚಾತುರ್ಮಾಸದಲ್ಲಿ ಅದನ್ನೂ ಬಿಡುವವರುಂಟು. ಉಳಿಯುವುದು ಬಳ್ಳಿಯ ಕಾಯಿಗಳು: ಹೀರೆ, ಪಡವಲ, ಸವತೆ. ಬೇಲಿಗೆ ಹಬ್ಬಿದ ಸವತೆಯ ಬಳ್ಳಿ ಕಾಯಿ ಬಿಡುವುದೂ ಮಳೆಯಲ್ಲೇ. ಋತುವಿನ ಕೊಡುಗೆಯೂ ವ್ರತದ ಅನುಮತಿಯೂ ಇಲ್ಲಿ ಕೂಡಿಬರುತ್ತವೆ.

ಆದರೆ ಹಸಿ ಕಾಯಿ ಸಚಿತ್ತ, ಅಂದರೆ ಜೀವಸಹಿತ. ಸಮಂತಭದ್ರರ 'ರತ್ನಕರಂಡಕ ಶ್ರಾವಕಾಚಾರ'ದಲ್ಲಿ ಬರುವ ಶ್ರಾವಕನ 11 ಮೆಟ್ಟಿಲುಗಳ ಪೈಕಿ ಐದನೆಯದಾದ ಸಚಿತ್ತತ್ಯಾಗವು ಬೇರು, ಹಣ್ಣು, ಸೊಪ್ಪು, ಬೀಜಗಳನ್ನು ಹಸಿಯಾಗಿ ತಿನ್ನದಿರುವುದನ್ನು ಕೇಳುತ್ತದೆ. ಸಾಮಾನ್ಯ ಗೃಹಸ್ಥನಿಗೆ ಈ ಬಂಧನವಿಲ್ಲ. ಆದರೆ ಒಂದು ಮನೆಯಲ್ಲಿ ಒಬ್ಬ ಅಜ್ಜಿ ಈ ಪ್ರತಿಮೆಯನ್ನು ಹಿಡಿದಿದ್ದರೆ ಇಡೀ ಅಡುಗೆಮನೆ ಅದನ್ನು ಅರಿತಿರಬೇಕಾಗುತ್ತದೆ. ಸಚಿತ್ತವು ಪ್ರಾಸುಕವಾಗಲು ಬೆಂಕಿಯೊಂದೇ ದಾರಿಯಲ್ಲ. ದಿಗಂಬರ ಪರಂಪರೆಯಲ್ಲಿ ಪ್ರಚಲಿತವಾದ ಒಂದು ಪ್ರಾಕೃತ ಗಾಥೆಯು ಒಣಗಿಸುವುದು, ಬೇಯಿಸುವುದು, ಕಾಯಿಸುವುದರ ಜೊತೆಗೆ ಹುಳಿ ಮತ್ತು ಉಪ್ಪನ್ನು ಬೆರೆಸುವುದನ್ನೂ ಉಪಕರಣದಿಂದ ತುಂಡರಿಸುವುದನ್ನೂ ಈ ದಾರಿಗಳಲ್ಲಿ ಎಣಿಸುತ್ತದೆ.

ಈಗ ಬೆಳಗಾವಿಯ ಮನೆಯೊಂದರ ಪಚಡಿಯ ಕ್ರಮವನ್ನು ನೋಡಬೇಕು. ಸವತೆಕಾಯಿಯ ತೊಟ್ಟಿನ ತುದಿಯನ್ನು ಕತ್ತರಿಸಿ, ಅದೇ ತುಂಡಿನಿಂದ ಉಜ್ಜಿ, ನೊರೆಯೊಂದಿಗೆ ಕಹಿಯನ್ನು ತೆಗೆಯುತ್ತಾರೆ. ಬಲಿತ ಬೀಜವಿದ್ದರೆ ತಿರುಳನ್ನು ಕೆತ್ತಿ ಹಾಕುತ್ತಾರೆ. ಕಾಯಿಯನ್ನು ಎಡಗೈಯಲ್ಲಿ ನಿಲ್ಲಿಸಿ ಹಿಡಿದು, ಚಾಕುವಿನಿಂದ ಒತ್ತೊತ್ತಾಗಿ ಕಚ್ಚು ಹಾಕಿ, ಮೇಲಿನಿಂದ ಸವರಿದರೆ ಸಣ್ಣ ಹೋಳುಗಳು ಉದುರುತ್ತವೆ. ತುರಿದರೆ ನೀರು ಬಿಟ್ಟು ಮೆತ್ತಗಾಗುತ್ತದೆಂದು ಹಳಬರು ಕೊಚ್ಚುವುದನ್ನೇ ಮೆಚ್ಚುತ್ತಾರೆ. ಹುರಿದು ತರಿತರಿಯಾಗಿ ಕುಟ್ಟಿದ ಶೇಂಗಾ ಪುಡಿ, ಹಸಿಮೆಣಸಿನಕಾಯಿ, ಕೊತ್ತಂಬರಿ, ಲಿಂಬೆರಸ ಸೇರುತ್ತವೆ. ಮೇಲೆ ಸಾಸಿವೆ, ಜೀರಿಗೆ, ಇಂಗಿನ ಒಗ್ಗರಣೆ. ಉಪ್ಪು ಬೀಳುವುದು ಊಟಕ್ಕೆ ಕೂಡುವ ಮುನ್ನ, ಇಲ್ಲವಾದರೆ ಬಟ್ಟಲು ನೀರಾಗುತ್ತದೆ. ತುಂಡರಿಸುವುದು, ಹುಳಿ, ಉಪ್ಪು: ಗಾಥೆಯ ಲಕ್ಷಣಗಳು ಒಂದೊಂದಾಗಿ ಇಲ್ಲಿ ಬಂದು ಕೂಡುತ್ತವೆ. ಪಚಡಿ ಜೈನರಿಂದಲೇ ಹುಟ್ಟಿತೆಂದು ಇದರಿಂದ ಸಾಧಿಸಲಾಗದು. ಎಲ್ಲ ಜಾತಿಗಳ ರೊಟ್ಟಿಯ ಊಟದಲ್ಲೂ ಅದಿದೆ. ನೆರೆಮನೆಯಲ್ಲಿ ರುಚಿಗಾಗಿ ನಡೆಯುವ ಕ್ರಿಯೆಯೇ ಶ್ರಾವಕನ ಮನೆಯಲ್ಲಿ ಶುದ್ಧಿಯೂ ಆಗಿತ್ತು ಎಂಬಷ್ಟನ್ನು ಮಾತ್ರ ಹೇಳಬಹುದು.

ಹೆಸರುಗಳೂ ಮಾತನಾಡುತ್ತವೆ. ಹಳಗನ್ನಡದ 'ಪಸಿ' ಪಕಾರ ಕಳೆದುಕೊಂಡು 'ಹಸಿ'ಯಾಯಿತು; ಮಲೆನಾಡಿನ ಹವ್ಯಕರ ಸವತೆಕಾಯಿ 'ಹಶಿ' ಆ ದಾರಿಯಲ್ಲಿದೆ. 'ಪಚಡಿ' ಪಕಾರವನ್ನು ಉಳಿಸಿಕೊಂಡಿರುವುದನ್ನು ಗಮನಿಸಿದರೆ ಅದು ನೆರೆಯ ಭಾಷೆಯಿಂದ ಮರಳಿ ಬಂದ ಸೋದರನಂತೆ ತೋರುತ್ತದೆ. ಖಾನಾಪುರದ ಪಡುಗಡೆಯ ಕೊಂಕಣಿ ಮನೆಗಳ 'ತವಸೆ' ಸಂಸ್ಕೃತದ 'ತ್ರಪುಸ'ದಿಂದ, ಮರಾಠಿಯ 'ಕಾಕಡಿ' 'ಕರ್ಕಟಿ'ಯಿಂದ ಇಳಿದವು. ಕನ್ನಡದ ಕೋಸಂಬರಿ, ಮರಾಠಿಯ ಕೋಶಿಂಬೀರಗಳ ನಂಟು ಕಿವಿಗೇ ತಿಳಿಯುವಂಥದು. ಬೆಳಗಾವಿಯಲ್ಲಿ ಇಂಥ ಪದಗಳನ್ನೂ ಗಡಿಯ ವ್ಯಾಜ್ಯಕ್ಕೆ ಎಳೆಯುವವರಿದ್ದಾರೆ. ಗಮನಿಸಬೇಕಾದ ಭೇದ ಬೇರೆಯೇ ಇದೆ. ಕನ್ನಡದಲ್ಲಿ ಕೋಸಂಬರಿಯೆಂದರೆ ನೆನೆಸಿದ ಹೆಸರುಬೇಳೆಯೋ ಕಡಲೆಬೇಳೆಯೋ ಇರಲೇಬೇಕು, ಮೊಸರು ಬಾರದು. ಮರಾಠಿಯ ಕೋಶಿಂಬೀರಕ್ಕೆ ಬೇಳೆ ಕಡ್ಡಾಯವಲ್ಲ, ಮೊಸರು ಸಹಜ. ಜೈನ ಅಡುಗೆಮನೆಗೆ ಈ ಭೇದ ನಿಘಂಟಿನ ಮಾತಲ್ಲ: ದ್ವಿದಳ ಧಾನ್ಯದೊಂದಿಗೆ ಕಾಯಿಸದ ಹಾಲು ಮೊಸರು ಕೂಡಿದರೆ ಅದು ಅಭಕ್ಷ್ಯ. ಎರಡು ಭಾಷೆಯ ಊರಿನಲ್ಲಿ ಎರಡು ಹೆಸರುಗಳನ್ನು ಕಲಸಿಕೊಂಡರೆ ವ್ರತಕ್ಕೇ ಭಂಗ.

ಇಷ್ಟೆಲ್ಲ ಹೇಳಿದ ಮೇಲೂ ಇಂದಿನ ಬಟ್ಟಲನ್ನು 'ಪ್ರಾಚೀನ' ಎಂದು ಕರೆಯುವ ಉತ್ಸಾಹಕ್ಕೆ ತಡೆ ಬೇಕು. ಹಸಿಮೆಣಸಿನಕಾಯಿಯೂ ಶೇಂಗಾವೂ ಅಮೆರಿಕ ಖಂಡದ ಬೆಳೆಗಳು. ಪೋರ್ಚುಗೀಸರು ಗೋವೆಯನ್ನು ಹಿಡಿದದ್ದು 1510ರಲ್ಲಿ. ಚಾವುಂಡರಾಯನ ಕಾಲದಲ್ಲಿ ಖಾರವೆಂದರೆ ಕರಿಮೆಣಸು. ಗೋವೆಯಿಂದ ಘಟ್ಟ ಹತ್ತಿ ಬೆಳಗಾವಿಗೆ ಬರುವ ಹಾದಿ ಖಾನಾಪುರದ ಕಾಡನ್ನು ಹಾಯುತ್ತದೆ. ಬೆಳಗಾವಿಯಾದರೋ ಹಿಂದಿನಿಂದಲೂ ಸರಕಿನ ಊರು: ರಟ್ಟರ ನಾಲ್ಕನೆಯ ಕಾರ್ತವೀರ್ಯನ 1204ರ ಶಾಸನಗಳಲ್ಲಿ, ಬೀಚಣ ಕಟ್ಟಿಸಿದ ರಟ್ಟ ಜಿನಾಲಯಕ್ಕೆ ವೇಣುಗ್ರಾಮದ ವರ್ತಕರು ತಮ್ಮ ಸರಕುಗಳ ಮೇಲೆ ಆಯ ಬಿಟ್ಟದ್ದು ದಾಖಲಾಗಿದೆ. ಹೊಸ ಸರಕು ಇಂಥ ಪೇಟೆಯನ್ನು ಹೊಕ್ಕು ಅಡುಗೆಮನೆಗೆ ಇಳಿಯುವುದು ಸಹಜ.

ಶೇಂಗಾ ಆಚಾರಕ್ಕೆ ಒಂದು ಹೊಸ ಪ್ರಶ್ನೆಯನ್ನೂ ತಂದಿತು. ಅದು ಎರಡು ಹೋಳಾಗುವ ಕಾಳು. ಎಣ್ಣೆಯ ಕಾಳೂ ಹೌದು. ಸಮಂತಭದ್ರರು ಕಾಣದ ಕಾಳಿಗೆ ಹಳೆಯ ಗ್ರಂಥದಲ್ಲಿ ನೇರ ಉತ್ತರವಿರಲು ಸಾಧ್ಯವಿಲ್ಲ. ಎಣ್ಣೆ ಬಿಡುವುದರಿಂದ ದ್ವಿದಳವಲ್ಲವೆಂದು ಕೆಲವರು, ಹೋಳಾಗುವುದರಿಂದ ದ್ವಿದಳವೇ ಎಂದು ಕೆಲವರು. ಸಂಶಯವುಳ್ಳವರಿಗೆ ಎರಡು ದಾರಿಗಳಿವೆ: ಶೇಂಗಾ ಹಾಕಿದ ದಿನ ಲಿಂಬೆಯ ಹುಳಿ, ಮೊಸರು ಹಾಕಿದ ದಿನ ಗುರೆಳ್ಳಿನ ಪುಡಿ.