ಹದಿನಾಲ್ಕು ವರ್ಷದಾಚೆಯ ಸೆರೆವಾಸ: ಮೇಲ್ಮನವಿ ನ್ಯಾಯಾಲಯದ ಅಧಿಕಾರ ಮತ್ತು ಅಳತೆ

ಶಿಕ್ಷೆಯ ಪ್ರಮಾಣ ನಿಗದಿಗೆ ಭಾರತದಲ್ಲಿ ಶಾಸನಬದ್ಧ ಮಾರ್ಗಸೂಚಿಯಿಲ್ಲ. ಕೊಲೆಗೆ ಮರಣದಂಡನೆ ಇಲ್ಲವೇ ಜೀವಾವಧಿ. ಅಂಥ ಜೀವಾವಧಿ ಕೈದಿಯನ್ನು 14 ವರ್ಷ ತುಂಬುವ ಮುನ್ನ ಬಿಡುವಂತಿಲ್ಲ ಎನ್ನುವುದು ದಂಡ ಪ್ರಕ್ರಿಯಾ ಸಂಹಿತೆಯ 433ಎ ಕಲಮು, ಈಗಿನ ನಾಗರಿಕ ಸುರಕ್ಷಾ ಸಂಹಿತೆಯ 475. ಈ ಗೆರೆಯಾಚೆ 20 ವರ್ಷ, 30 ವರ್ಷ, ಕೊನೆಯುಸಿರಿರುವ ತನಕ ಎಂದು ಮಾಫಿಯಿಲ್ಲದ ಸೆರೆವಾಸ ವಿಧಿಸುವ ಪದ್ಧತಿಯನ್ನು ಬೆಳೆಸಿದ್ದು ನ್ಯಾಯಾಲಯಗಳು. ಅದರ ಎರಡು ಮುಖ್ಯ ತೀರ್ಪುಗಳು ಬೆಂಗಳೂರಿನ ಪ್ರಕರಣಗಳಿಂದಲೇ ಹುಟ್ಟಿದವು.

ಮೊದಲನೆಯದು ಸ್ವಾಮಿ ಶ್ರದ್ಧಾನಂದ ಪ್ರಕರಣ. 2007ರಲ್ಲಿ ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳು ಅಪರಾಧದ ಬಗ್ಗೆ ಒಮ್ಮತಕ್ಕೆ ಬಂದರೂ ಶಿಕ್ಷೆಯ ಬಗ್ಗೆ ಬೇರೆಯಾದರು. 2008ರಲ್ಲಿ ತ್ರಿಸದಸ್ಯ ಪೀಠ ಮರಣದಂಡನೆಯನ್ನು ಬದಲಿಸಿ, ಅಪರಾಧಿ ಜೀವನಪೂರ್ತಿ ಸೆರೆಯಲ್ಲಿರಬೇಕೆಂದು ಆದೇಶಿಸಿತು. ನೇಣು ಅತಿಯಾಯಿತು, 14 ವರ್ಷ ತೀರಾ ಕಡಿಮೆಯಾಯಿತು ಎಂಬ ಇಕ್ಕಟ್ಟಿಗೆ ಅದು ಕಂಡುಕೊಂಡ ದಾರಿ. ಈ ಅಧಿಕಾರ ಹೈಕೋರ್ಟ್ ಮತ್ತು ಸುಪ್ರೀಂ ಕೋರ್ಟಿಗೆ ಮಾತ್ರ ಸೇರಿದ್ದು, ಸೆಷನ್ಸ್ ನ್ಯಾಯಾಲಯಕ್ಕಲ್ಲ ಎಂದು 2015ರ ಶ್ರೀಹರನ್ ತೀರ್ಪಿನಲ್ಲಿ ಸಂವಿಧಾನ ಪೀಠ 3:2 ಬಹುಮತದಿಂದ ಹೇಳಿತು.

ಎರಡನೆಯದು 2023ರ ಶಿವಕುಮಾರ್ ತೀರ್ಪು. 2005ರಲ್ಲಿ ರಾತ್ರಿಪಾಳಿಯ ಮಹಿಳಾ ಉದ್ಯೋಗಿಯ ಮೇಲೆ ಅತ್ಯಾಚಾರ ಎಸಗಿ ಕೊಂದ ಕ್ಯಾಬ್ ಚಾಲಕನಿಗೆ ವಿಚಾರಣಾ ನ್ಯಾಯಾಲಯ ಬದುಕಿರುವವರೆಗೂ ಸೆರೆವಾಸ ವಿಧಿಸಿತ್ತು. ಆ ಅಧಿಕಾರ ಅದಕ್ಕಿರಲಿಲ್ಲ ಎಂದ ಸುಪ್ರೀಂ ಕೋರ್ಟ್, ಮಾಫಿಯಿಲ್ಲದ 30 ವರ್ಷವನ್ನು ತಾನೇ ನಿಗದಿಪಡಿಸಿತು. ಮರಣದಂಡನೆ ವಿಧಿಸಿರದ ಪ್ರಕರಣದಲ್ಲೂ ಹೀಗೆ ಮಾಡಬಹುದೆಂಬುದು ಇಲ್ಲಿನ ಹೊಸ ಮಾತು. ಜಯನಗರ, ಜೆ.ಪಿ. ನಗರ, ಬಿಟಿಎಂ ಬಡಾವಣೆಯಿಂದ ನಡುರಾತ್ರಿ ಕ್ಯಾಬ್ ಹತ್ತುವ ಹೆಣ್ಣುಮಕ್ಕಳ ಮನೆಯವರಿಗೆ ಈ ಕಠಿಣತೆ ಏಕೆ ಬೇಕೆಂದು ಬಿಡಿಸಿ ಹೇಳಬೇಕಿಲ್ಲ. ನನಗೂ ಅದು ಒಪ್ಪಿಗೆಯೇ.

ತೊಡಕಿರುವುದು ಬೇರೆಡೆ. ಕೆಳಗಿನ ನ್ಯಾಯಾಲಯ ವಿಧಿಸಬಹುದಾಗಿದ್ದ ಶಿಕ್ಷೆಗಿಂತ ಹೆಚ್ಚಿನದನ್ನು ಮೇಲ್ಮನವಿ ನ್ಯಾಯಾಲಯ ವಿಧಿಸಬಾರದು ಎನ್ನುತ್ತದೆ ದಂಡ ಪ್ರಕ್ರಿಯಾ ಸಂಹಿತೆಯ 386ನೇ ಕಲಮಿನ ಎರಡನೇ ಪರಂತುಕ. ಸೆಷನ್ಸ್ ನ್ಯಾಯಾಲಯ ಮರಣದಂಡನೆ ಕೊಡಬಲ್ಲದು, 30 ವರ್ಷದ ಸೆರೆ ಅದಕ್ಕಿಂತ ಕಡಿಮೆಯೇ. ಹೀಗೆ ವಾದಿಸಿದರೆ ಪರಂತುಕ ಮುರಿಯುವುದಿಲ್ಲ. ಆದರೆ ವಿಚಾರಣಾ ನ್ಯಾಯಾಧೀಶರೇ ಮರಣದಂಡನೆ ಬೇಡವೆಂದ ಪ್ರಕರಣದಲ್ಲಿ ಆ ಮೇಲ್ಮಿತಿಯನ್ನು ಆಧರಿಸುವುದು ದುರ್ಬಲ ತರ್ಕ. ಅಧಿಕಾರದ ಮೂಲವನ್ನು ಶ್ರೀಹರನ್ ತೋರಿಸಿಕೊಟ್ಟಿದೆ. 25 ಏಕಲ್ಲ, 30 ಏಕೆ ಎಂಬುದನ್ನು ಅಳೆಯುವ ಮಾನದಂಡವನ್ನು ಕೊಟ್ಟಿಲ್ಲ.

ಅಮೆರಿಕದಲ್ಲಿ 2005ರ ಬೂಕರ್ ತೀರ್ಪಿನ ನಂತರ ಫೆಡರಲ್ ಶಿಕ್ಷಾ ಮಾರ್ಗಸೂಚಿಗಳು ಸಲಹೆಯಾಗಷ್ಟೇ ಉಳಿದವು. ಆದರೂ ಅವುಗಳಿಂದ ದೂರ ಸರಿದಷ್ಟೂ ಬಲವಾದ ಸಮರ್ಥನೆ ಬೇಕೆಂದು 2007ರ ಗಾಲ್ ತೀರ್ಪು ಹೇಳಿತು. ನಮ್ಮಲ್ಲಿ ದೂರವನ್ನು ಅಳೆಯಲು ಆರಂಭದ ಬಿಂದುವೇ ಇಲ್ಲ. ಕರ್ನಾಟಕ ಹೈಕೋರ್ಟಿನ ಮುಖ್ಯ ನ್ಯಾಯಮೂರ್ತಿಯಾಗಿದ್ದ ವಿ.ಎಸ್. ಮಳಿಮಠರ ಸಮಿತಿ ಶಿಕ್ಷಾ ಮಾರ್ಗಸೂಚಿಗಾಗಿ ಶಾಸನಬದ್ಧ ಸಮಿತಿ ಬೇಕೆಂದು 2003ರಲ್ಲೇ ಶಿಫಾರಸು ಮಾಡಿತ್ತು. ಸಂಸತ್ತು ಅದನ್ನು ಜಾರಿಗೆ ತರಬೇಕು. ಅಲ್ಲಿಯವರೆಗೆ ಹೈಕೋರ್ಟ್ 14 ವರ್ಷದಾಚೆ ಅವಧಿ ನಿಗದಿಪಡಿಸುವಾಗಲೆಲ್ಲ, ಅಪರಾಧದ ಕ್ರೌರ್ಯವನ್ನು ವಿವರಿಸುವುದರ ಜೊತೆಗೆ, ಆ ಸಂಖ್ಯೆಯನ್ನೇ ಆರಿಸಿಕೊಂಡದ್ದಕ್ಕೆ ಪ್ರತ್ಯೇಕ ಕಾರಣ ದಾಖಲಿಸಬೇಕು.