ಗೂಢಲಿಪಿಯ ಡ್ರೈವರುಗಳೂ ಮೆಮೊರಿಯ ಸೋರಿಕೆಯೂ

ಹೆಲ್ಸಿಂಕಿಯ ವಿದ್ಯಾರ್ಥಿ ಲಿನಸ್ ಟೋರ್ವಾಲ್ಡ್ಸ್ 1991ರಲ್ಲಿ ಆರಂಭಿಸಿದ ಲಿನಕ್ಸ್ ಕರ್ನೆಲಿಗೆ ಗೂಢಲಿಪಿಯ ಸ್ವಂತ ವಿಭಾಗವೊಂದು ದೊರೆತುದು 2002ರಲ್ಲಿ, ಐಪಿಸೆಕ್ ಎಂಬ ಸಂವಹನರಕ್ಷಣೆಯ ವ್ಯವಸ್ಥೆಯನ್ನು ಕರ್ನೆಲಿನೊಳಕ್ಕೇ ತರಬೇಕಾಗಿ ಬಂದ ಸಂದರ್ಭದಲ್ಲಿ. ಮುಂದೆ ಗೂಢಲಿಪಿಯ ಗಣಿತಕ್ಕೆಂದೇ ನಿರ್ಮಿತವಾದ ಚಿಪ್ಪುಗಳೂ ಅವನ್ನು ನಡೆಸುವ ಡ್ರೈವರುಗಳೂ ಒಂದೊಂದಾಗಿ ಬಂದು ಸೇರಿದುವು. ಇವೆಲ್ಲವೂ ರಚಿತವಾದುದು ಸಿ ಭಾಷೆಯಲ್ಲಿ. ಕೇಳಿ ಪಡೆದ ಮೆಮೊರಿಯನ್ನು ಕೆಲಸ ತೀರಿದೊಡನೆ ಹಿಂದಿರುಗಿಸುವ ಹೊಣೆಯನ್ನು ಆ ಭಾಷೆ ಬರೆಯುವವರಿಗೇ ಬಿಟ್ಟಿದೆ. ಸಾಮಾನ್ಯ ಪ್ರೋಗ್ರಾಮು ಮರೆತು ಉಳಿಸಿದುದನ್ನು ಅದು ಮುಗಿದಾಗ ಕರ್ನೆಲ್ ವಶಪಡಿಸಿಕೊಳ್ಳುತ್ತದೆ; ಕರ್ನೆಲೇ ಮರೆತರೆ ಯಂತ್ರವನ್ನು ಪುನಃ ಆರಂಭಿಸುವ ತನಕ ಆ ಜಾಗ ಯಾರಿಗೂ ದಕ್ಕದು.

ಇಂಥ ಮರೆವಿಗೆ 2019ರಲ್ಲಿ ಎಎಂಡಿಯ ಗೂಢಲಿಪಿ ಸಹಸಂಸ್ಕಾರಕದ ಡ್ರೈವರಿನಲ್ಲಿ ಪತ್ತೆಯಾಗಿ ಸಿವಿಇ-2019-18808 ಎಂದು ದಾಖಲಾದ ದೋಷವು ಒಳ್ಳೆಯ ನಿದರ್ಶನ. ಎಚ್‌ಮ್ಯಾಕ್ ಎಂಬ ಸಂದೇಶಪ್ರಮಾಣೀಕರಣದ ಕೊನೆಯ ಹಂತದಲ್ಲಿ ಈ ಡ್ರೈವರು, ಎಸ್‌ಎಚ್‌ಎ-256 ಎಂಬ ಹ್ಯಾಶಿಗಾದರೆ 64 ಮತ್ತು 32 ಸೇರಿ 96 ಬೈಟುಗಳಾಗುವ ಬಫರೊಂದನ್ನು ಪಡೆದು, ಅದರ ಪೂರ್ವಭಾಗದಲ್ಲಿ ರಹಸ್ಯ ಕೀಲಿಯಿಂದ ಸಿದ್ಧಪಡಿಸಿದ ಬೈಟುಗಳನ್ನು ತುಂಬಿ, ಅನಂತರ ಹ್ಯಾಶಿನ ಪ್ರಕಾರವನ್ನು ಪರೀಕ್ಷಿಸುತ್ತದೆ. ಪ್ರಕಾರ ಅಮಾನ್ಯವೆಂದು ಕಂಡ ಪಕ್ಷದಲ್ಲಿ ದೋಷಸಂಕೇತವನ್ನು ಹೊತ್ತು ಹೊರಬೀಳುತ್ತಿದ್ದ ಡ್ರೈವರು, ಬಫರನ್ನು ಅಲ್ಲಿಯೇ ಬಿಟ್ಟುಬಿಡುತ್ತಿತ್ತು. ತಿದ್ದುಪಡಿಯ ಸಾರವೆಲ್ಲ ಆ ಸ್ಥಳದಲ್ಲಿ ಸೇರಿಸಿದ ಬಿಡುಗಡೆಯ ಒಂದೇ ಸಾಲು. ಆ ದಾರಿಯನ್ನು ಡ್ರೈವರು ತುಳಿಯುವುದು ಅತಿವಿರಳವೆಂಬುದು ನಿಜ. ಆದರೆ ಬಫರಿನಲ್ಲಿದ್ದ ಬೈಟುಗಳು ಕೀಲಿಯನ್ನು ಎಲ್ಲರಿಗೂ ತಿಳಿದ ಸ್ಥಿರಾಂಕವೊಂದರೊಡನೆ ಎಕ್ಸಾರ್ ಮಾಡಿ ಪಡೆದವಾದುದರಿಂದ, ಅದೇ ಕ್ರಿಯೆಯನ್ನು ಮತ್ತೊಮ್ಮೆ ಮಾಡಿದರೆ ಕೀಲಿಯೇ, ಅಥವಾ ಕೀಲಿ ದೀರ್ಘವಾಗಿದ್ದರೆ ಅದರ ಹ್ಯಾಶು, ಹೊರಬರುವುದೆಂಬುದನ್ನು ಮರೆಯಲಾಗದು. ಬೇರೆ ಡ್ರೈವರಿನಲ್ಲಿ ಸೋರಿಕೆ ಎಂದರೆ ಜಾಗದ ನಷ್ಟ. ಇಲ್ಲಿ ಒಂದು ಗುಟ್ಟು ಅನಾಥವಾಗಿ ಬಿದ್ದಿರುವುದು.

ಬಿಡುಗಡೆಗೆ ಮುನ್ನ ಮೆಮೊರಿಯನ್ನು ಸೊನ್ನೆಗಳಿಂದ ಅಳಿಸುವ ಕೆಝಡ್‌ಫ್ರೀ ಎಂಬ ಕ್ರಿಯೆ 2009ರಲ್ಲಿ ಬಂದು, 2020ರಲ್ಲಿ ಕೆಫ್ರೀ_ಸೆನ್ಸಿಟಿವ್ ಎಂಬ ಹೆಸರನ್ನು ತಾಳಿತು. ಆದರೆ ಬಿಡುಗಡೆಯೇ ಆಗದ ಬಫರನ್ನು ಅದೂ ಅಳಿಸಲಾರದು. ಅದೇ 2009ರಲ್ಲಿ ಕ್ಯಾಟಲಿನ್ ಮರಿನಾಸ್ ರಚಿಸಿದ ಕೆಮೆಮ್‌ಲೀಕ್ ಎಂಬ ಶೋಧಕವು 2.6.31ನೆಯ ಆವೃತ್ತಿಯಲ್ಲಿ ಸೇರಿತು; ಹತ್ತು ನಿಮಿಷಕ್ಕೊಮ್ಮೆ ಮೆಮೊರಿಯನ್ನೆಲ್ಲ ಜಾಲಾಡಿ, ಯಾವ ತುಣುಕಿನ ವಿಳಾಸ ಎಲ್ಲಿಯೂ ಉಳಿದಿಲ್ಲವೋ ಅದನ್ನು, ಅದನ್ನು ಪಡೆದ ಕ್ರಿಯೆಗಳ ಸರಣಿಸಹಿತವಾಗಿ ತೋರಿಸುವುದು ಅದರ ಕೆಲಸ. ಅದ್ಭುತವಾದ ಸಾಧನವೇ ಸರಿ, ಆದರೆ ನಡೆದ ದಾರಿಯನ್ನಲ್ಲದೆ ನಡೆಯದ ದಾರಿಯನ್ನು ಅದು ಕಾಣಲಾರದು; ಎಎಂಡಿ ಡ್ರೈವರಿನಂಥ ದೋಷಗಳು ಅಡಗಿರುವುದೋ ನಡೆಯದ ದಾರಿಗಳಲ್ಲಿಯೇ. ಮರೆವಿನ ಅವಕಾಶವನ್ನೇ ತಗ್ಗಿಸಲೆಂದು 2007ರಲ್ಲಿ ಬಂದ ಡೆವ್‌ರೆಸ್ ಎಂಬ ವ್ಯವಸ್ಥೆ, ಡ್ರೈವರು ಪಡೆದ ಮೆಮೊರಿಯನ್ನು ಸಾಧನದ ಆಯುಷ್ಯಕ್ಕೆ ಗಂಟುಹಾಕಿತು. 2023ರಲ್ಲಿ, ಚರವು ತನ್ನ ವ್ಯಾಪ್ತಿಯನ್ನು ದಾಟಿದೊಡನೆ ಮೆಮೊರಿ ತಾನಾಗಿ ಬಿಡುಗಡೆಯಾಗುವ ವಿಧಾನವೂ ಕರ್ನೆಲಿಗೆ ಬಂದಿತು. ಹಳೆಯ ಡ್ರೈವರುಗಳನ್ನು ಮಾತ್ರ ಇಂದಿಗೂ ಒಬ್ಬರು ಕುಳಿತು, ಒಂದೊಂದು ವೈಫಲ್ಯದ ದಾರಿಯನ್ನೂ ಕಡೆಯವರೆಗೆ ಓದಿಯೇ ತಿದ್ದಬೇಕಾಗಿದೆ.